ಯಂತ್ರ ಓದುವ ಕೈಪಿಡಿ: ಗಣಕದ ಸ್ವಯಂಚಾಲನಾ ಸಲಕರಣೆಗಳ ವಿವರಣ ಬರಹ

ಕೈಪಿಡಿ ಎಂಬ ಮಾತಿನಲ್ಲಿಯೇ ಅದನ್ನು ಓದುವವನ ಕುರಿತ ಒಂದು ಕಲ್ಪನೆ ಅಡಗಿದೆ. ಕೈ ಹಿಡಿದು ನಡೆಸಬೇಕಾದವನು ದಾರಿಗೆ ಹೊಸಬ. ಆದರೆ ನಡೆಯಬಲ್ಲವನು, ಎಡವಿದರೆ ಸಾವರಿಸಿಕೊಳ್ಳಬಲ್ಲವನು. ಆದುದರಿಂದಲೇ ಇದುವರೆಗಿನ ಕೈಪಿಡಿಕಾರರು ಅರ್ಧವನ್ನು ಹೇಳಿ ಉಳಿದರ್ಧವನ್ನು ಓದುಗನ ಲೋಕಜ್ಞಾನಕ್ಕೆ ಬಿಡುತ್ತ ಬಂದಿದ್ದಾರೆ. ‘ಕಡತವನ್ನು ಉಳಿಸಿರಿ’ ಎಂದು ಬರೆದರೆ ಸಾಕು, ಯಾವ ಕಡತ, ಎಲ್ಲಿ, ಯಾವ ಹೆಸರಿನಲ್ಲಿ ಎಂಬುದನ್ನು ಮುಂದೆ ಕುಳಿತವನು ನೋಡಿಕೊಳ್ಳುತ್ತಾನೆ. ಈಗ ಕೆಲವು ವರ್ಷಗಳಿಂದ ಕೈಪಿಡಿಗೆ ಇನ್ನೊಂದು ಬಗೆಯ ಓದುಗ ಒದಗಿದ್ದಾನೆ. ಅವನು ಮನುಷ್ಯನಲ್ಲ, ಮನುಷ್ಯನ ಪರವಾಗಿ ಗಣಕವನ್ನು ನಡೆಸುವ ಕೃತಕ ಬುದ್ಧಿಮತ್ತೆಯ ಏಜೆಂಟ್. ಇಂಥ ಓದುಗನಿಗಾಗಿ ಬರೆಯುವುದೆಂದರೇನು, ಅದರಲ್ಲಿ ಕನ್ನಡದ ಪಾಲಿಗೆ ಬರುವ ತೊಡಕುಗಳು ಯಾವುವು ಎಂಬುದು ಪ್ರಸ್ತುತ ಲೇಖನದ ವಿಷಯ.

ಮೊದಲಿಗೆ ಏಜೆಂಟ್ ಎಂಬುದರ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದೊಡ್ಡ ಭಾಷಾ ಮಾದರಿಯೊಂದು ಸ್ವತಃ ಮಾಡಬಲ್ಲದ್ದು ಪಠ್ಯವನ್ನು ಓದಿ ಪಠ್ಯವನ್ನು ಬರೆಯುವುದು ಮಾತ್ರ. ಅದಕ್ಕೆ ಕೆಲವು ಸಲಕರಣೆಗಳನ್ನು ಒದಗಿಸಿ, ‘ಇದನ್ನು ಕರೆದರೆ ಪರದೆಯ ಚಿತ್ರ ಸಿಗುತ್ತದೆ, ಇದನ್ನು ಕರೆದರೆ ಮೌಸ್ ಒತ್ತಲ್ಪಡುತ್ತದೆ’ ಎಂದು ತಿಳಿಸಿದಾಗ ಅದು ಒಂದನ್ನು ಕರೆಯುತ್ತದೆ, ಬಂದ ಫಲವನ್ನು ಓದುತ್ತದೆ, ಮತ್ತೊಂದನ್ನು ಕರೆಯುತ್ತದೆ. ಗುರಿ ಮುಟ್ಟುವವರೆಗೆ ಸಾಗುವ ಈ ಸುತ್ತಿಗೆ ಏಜೆಂಟ್ ಎಂದು ಹೆಸರು. 2024ರ ಅಕ್ಟೋಬರಿನಲ್ಲಿ ಆಂತ್ರಪಿಕ್ ಸಂಸ್ಥೆ ತನ್ನ ಕ್ಲಾಡ್ ಮಾದರಿಗೆ ಇಡೀ ಗಣಕವನ್ನು ಪರದೆ, ಮೌಸ್ ಮತ್ತು ಕೀಲಿಮಣೆಗಳ ಮೂಲಕ ಬಳಸುವ ಸಾಮರ್ಥ್ಯವನ್ನು ಪ್ರಾಯೋಗಿಕವಾಗಿ ಒದಗಿಸಿತು. 2025ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆ ಆಪರೇಟರ್ ಎಂಬ ಹೆಸರಿನಲ್ಲಿ ಬ್ರೌಸರನ್ನು ನಡೆಸುವ ಏಜೆಂಟನ್ನು ಹೊರತಂದಿತು. ಇವುಗಳ ಶಕ್ತಿಯನ್ನು ಅಳೆಯಲೆಂದು 2024ರಲ್ಲಿ ಪ್ರಕಟವಾದ ಓಎಸ್‌ವರ್ಲ್ಡ್ ಎಂಬ ಪರೀಕ್ಷೆಯಲ್ಲಿ 369 ಕೆಲಸಗಳಿದ್ದವು. ಅವುಗಳಲ್ಲಿ ಮನುಷ್ಯರು ನೂರಕ್ಕೆ ಸುಮಾರು 72ನ್ನು ಸಾಧಿಸಿದರೆ, ಆಗಿನ ಅತ್ಯುತ್ತಮ ಮಾದರಿ ಸಾಧಿಸಿದ್ದು ಸುಮಾರು 12ನ್ನು ಮಾತ್ರ. ಅನಂತರ ಈ ಅಂತರ ಬೇಗಬೇಗನೆ ಕಿರಿದಾಗಿದೆ. ಮಾದರಿಗಳು ಸುಧಾರಿಸಿದ್ದು ಇದಕ್ಕೆ ಮುಖ್ಯ ಕಾರಣವಾದರೂ, ಅವುಗಳ ಕೈಗೆ ಕೊಡುವ ಸಲಕರಣೆಗಳೂ ಆ ಸಲಕರಣೆಗಳ ವಿವರಣೆಯೂ ಸುಧಾರಿಸುತ್ತ ಬಂದಿರುವುದನ್ನು ಮರೆಯಲಾಗದು.

ಸಲಕರಣೆಗಳೇನೂ ಹೊಸವಲ್ಲ. ಮನುಷ್ಯನ ಬದಲು ತಂತ್ರಾಂಶವೇ ಕೀಲಿ ಒತ್ತುವ, ಮೌಸ್ ಚಲಿಸುವ ಪದ್ಧತಿಗೆ ಹಲವು ದಶಕಗಳ ಇತಿಹಾಸವಿದೆ. ಆಪಲ್ ಸಂಸ್ಥೆಯ ಆಪಲ್‌ಸ್ಕ್ರಿಪ್ಟ್ 1993ರಲ್ಲಿ ಬಂದಿತು. ವಿಂಡೋಸ್‌ಗಾಗಿ ಆಟೋಇಟ್ 1999ರಲ್ಲಿ, ಆಟೋಹಾಟ್‌ಕೀ 2003ರಲ್ಲಿ ಬಂದವು. ಲಿನಕ್ಸ್ ಬಳಗದ ಎಕ್ಸ್11 ವ್ಯವಸ್ಥೆಗೆ ಎಕ್ಸ್‌ಡೂಟೂಲ್, ಪೈಥಾನ್ ಭಾಷೆಯಲ್ಲಿ ಬರೆಯುವವರಿಗೆ ಪೈಆಟೋಜಿಯುಐ ಇವೆ. ಇವುಗಳಲ್ಲಿ ಆಪಲ್‌ಸ್ಕ್ರಿಪ್ಟಿನ ಒಂದು ಏರ್ಪಾಡು ಭಾಷಾಧ್ಯಯನದವರಿಗೆ ವಿಶೇಷವಾಗಿ ರುಚಿಸುವಂಥದು. ಅಲ್ಲಿ ಆಪಲ್‌ಸ್ಕ್ರಿಪ್ಟಿನ ಆಜ್ಞೆಗಳಿಗೆ ಒಗ್ಗುವಂತೆ ರಚಿಸಿದ ಪ್ರತಿಯೊಂದು ಅನ್ವಯ ತಂತ್ರಾಂಶವೂ ತನಗೆ ತಿಳಿಯುವ ನಾಮಪದಗಳನ್ನೂ ಕ್ರಿಯಾಪದಗಳನ್ನೂ ಪಟ್ಟಿಮಾಡಿದ ನಿಘಂಟೊಂದನ್ನು ತನ್ನೊಳಗೇ ಇರಿಸಿಕೊಂಡಿರುತ್ತದೆ. ಅದನ್ನು ನಿಘಂಟು ಎಂದೇ ಕರೆಯುತ್ತಾರೆ. ಕೈಪಿಡಿ ಬೇರೆ, ಸಲಕರಣೆ ಬೇರೆ ಎಂಬ ಭೇದವನ್ನು ಅಳಿಸುವತ್ತ ಇಟ್ಟ ಹೆಜ್ಜೆಯಿದು.

ಈ ಸಲಕರಣೆಗಳು ಪರದೆಯನ್ನು ಅರಿಯುವ ದಾರಿಗಳು ಎರಡು. ಮೊದಲನೆಯದು ಚಿತ್ರದ ದಾರಿ: ಪರದೆಯ ಪಟ ತೆಗೆದು, ಗುಂಡಿ ಎಲ್ಲಿದೆಯೆಂದು ನೋಡಿ, ಅಡ್ಡ ಇಷ್ಟು ಉದ್ದ ಇಷ್ಟು ಎಂಬ ಅಂಕಿಗಳ ಲೆಕ್ಕದಲ್ಲಿ ಅಲ್ಲಿಗೆ ಹೋಗುವುದು. ಎರಡನೆಯದು ಹೆಸರಿನ ದಾರಿ. ಕಾರ್ಯವ್ಯವಸ್ಥೆಯು ಪರದೆಯ ಮೇಲಿನ ಪ್ರತಿಯೊಂದು ಗುಂಡಿ, ಪಟ್ಟಿ, ಬರೆಯುವ ಚೌಕವನ್ನು ಒಂದು ವೃಕ್ಷದ ರೂಪದಲ್ಲಿ ಜೋಡಿಸಿ, ಅದರ ಹೆಸರು, ಬಗೆ ಮತ್ತು ಸ್ಥಿತಿಯನ್ನು ಕೇಳಿದವರಿಗೆ ತಿಳಿಸುತ್ತದೆ. ವಿಂಡೋಸ್‌ನಲ್ಲಿ 1997ರ ಆಕ್ಟಿವ್ ಆಕ್ಸೆಸಿಬಿಲಿಟಿ, ಅನಂತರ ವಿಸ್ತಾ ಆವೃತ್ತಿಯ ಕಾಲಕ್ಕೆ ಬಂದ ಯುಐ ಆಟೊಮೇಷನ್, ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ ಇವು ಈ ಕೆಲಸ ಮಾಡುತ್ತವೆ. ಇವುಗಳನ್ನು ಕಟ್ಟಿದ್ದು ಏಜೆಂಟುಗಳಿಗಾಗಿ ಅಲ್ಲ, ಮುಖ್ಯವಾಗಿ ಪರದೆ ಕಾಣದ ಅಂಧರೇ ಮೊದಲಾದ ಬಳಕೆದಾರರಿಗಾಗಿ. ಗುಂಡಿಗೆ ಹೆಸರಿಡದೆ ಬರಿಯ ಚಿತ್ರ ಅಂಟಿಸಿ ಬಿಟ್ಟ ತಂತ್ರಾಂಶಗಳ ಬಗ್ಗೆ ಅವರು ವರ್ಷಗಟ್ಟಲೆ ದೂರಿದಾಗ ಕಿವಿಗೊಟ್ಟವರು ಕಡಿಮೆ. ಈಗ ಯಂತ್ರಕ್ಕೂ ಅದೇ ತೊಡಕು ಬಂದ ಮೇಲೆ ಹೆಸರಿಡುವ ಶಿಸ್ತಿಗೆ ಬೆಲೆ ಬಂದಿದೆ ಎಂಬುದು ಯೋಚಿಸತಕ್ಕ ಸಂಗತಿ.

ಇನ್ನು ವಿವರಣೆಯ ವಿಚಾರ. ಏಜೆಂಟ್ ಸಲಕರಣೆಯ ಒಡಲನ್ನು, ಎಂದರೆ ಅದರ ಮೂಲ ಸಂಕೇತವನ್ನು, ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ದೊರೆಯುವುದು ಮೂರು ಸಂಗತಿಗಳು: ಸಲಕರಣೆಯ ಹೆಸರು, ಕೆಲವು ವಾಕ್ಯಗಳ ವಿವರಣೆ, ಅದು ಬೇಡುವ ಮೌಲ್ಯಗಳ ಪಟ್ಟಿ. 2024ರ ನವೆಂಬರಿನಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಸಾಮಾನ್ಯ ನಿಯಮಾವಳಿಯಲ್ಲಿಯೂ ಸಲಕರಣೆಯೊಂದು ತನ್ನನ್ನು ಪರಿಚಯಿಸಿಕೊಳ್ಳುವುದು ಈ ಮೂರರಿಂದಲೇ. ಮನುಷ್ಯನಿಗೆ ಕೈಪಿಡಿ ಸಲಕರಣೆಯ ಪಕ್ಕದಲ್ಲಿರುವ ಪುಸ್ತಕ. ತಪ್ಪಿದ್ದರೆ ಅವನು ಪುಸ್ತಕವನ್ನು ಮುಚ್ಚಿ ತಾನೇ ಮಾಡಿ ನೋಡುತ್ತಾನೆ. ಏಜೆಂಟಿಗಾದರೋ ವಿವರಣೆಯೇ ಸಲಕರಣೆ. ವಿವರಣೆಯಲ್ಲಿಲ್ಲದ ಗುಣ ಸಲಕರಣೆಯಲ್ಲಿದ್ದರೂ ಅದರ ಪಾಲಿಗೆ ಇಲ್ಲ. ವಿವರಣೆಯಲ್ಲಿರುವ ಗುಣ ಸಲಕರಣೆಯಲ್ಲಿ ಇಲ್ಲದಿದ್ದರೂ ಮೊದಲ ಪೆಟ್ಟು ಬೀಳುವವರೆಗೆ ಇದೆ. ಇದಲ್ಲದೆ ಪ್ರತಿ ಹೊಸ ಕೆಲಸಕ್ಕೂ ಅದು ವಿವರಣೆಯನ್ನು ಮತ್ತೆ ಮೊದಲಿನಿಂದ ಓದುತ್ತದೆ. ನಿನ್ನೆಯ ಅನುಭವವನ್ನು ಯಾರಾದರೂ ಬರೆದಿರಿಸಿದ್ದರೆ ಮಾತ್ರ ಅದು ಇಂದಿಗೆ ಒದಗುತ್ತದೆ.

ಹಾಗೆಂದು ಎಲ್ಲವನ್ನೂ ಬರೆದು ತುಂಬುವಂತಿಲ್ಲ. ಮಾದರಿಯೊಂದು ಏಕಕಾಲಕ್ಕೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ, ಪ್ರತಿಯೊಂದು ಪದಕ್ಕೂ ಹಣ ಮತ್ತು ಕಾಲದ ವೆಚ್ಚವಿದೆ. ಅತಿ ದೀರ್ಘವಾದ ವಿವರಣೆಯಲ್ಲಿ ಮುಖ್ಯವಾದ ನಿಷೇಧವೇ ಮುಳುಗಿಹೋಗಬಹುದು. ಕಡಿಮೆ ಮಾತಿನಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುವ ಸಮಸ್ಯೆ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಲಕ್ಷಣಗ್ರಂಥಕಾರರೆಲ್ಲ ಎದುರಿಸಿದ್ದು ಇದನ್ನೇ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ ಅನುಸರಿಸಿದ ಕ್ರಮ ಗಮನಾರ್ಹವಾದುದು: ಕಂದಪದ್ಯದಲ್ಲಿ ಸೂತ್ರ, ಗದ್ಯದಲ್ಲಿ ವೃತ್ತಿ, ಆಮೇಲೆ ಪೂರ್ವಕವಿಗಳಿಂದ ಆಯ್ದ ಪ್ರಯೋಗಗಳು. ಸೂತ್ರ ನೆನಪಿಗೆ, ವೃತ್ತಿ ತಿಳಿವಿಗೆ, ಪ್ರಯೋಗ ನಂಬಿಕೆಗೆ. ಏಜೆಂಟುಗಳಿಗಾಗಿ ಬರೆಯುವವರು ಪ್ರಯೋಗದಿಂದ ತಲುಪಿರುವ ವ್ಯವಸ್ಥೆಯೂ ಇದರ ಸಮೀಪಕ್ಕೆ ಬರುತ್ತದೆ. ಒಂದೆರಡು ಸಾಲಿನ ಸಾರವನ್ನು ಯಾವಾಗಲೂ ಕಣ್ಣೆದುರು ಇರಿಸುವುದು, ವಿಸ್ತಾರವಾದ ವಿವರಣೆಯನ್ನು ಬೇರೆ ಕಡತದಲ್ಲಿಟ್ಟು ಬೇಕಾದಾಗ ತೆರೆಸುವುದು, ಜೊತೆಗೆ ನಿಜವಾಗಿ ನಡೆಸಿ ನೋಡಿದ ಉದಾಹರಣೆಗಳನ್ನು ಕೊಡುವುದು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬೇಕಾದ್ದಿಲ್ಲ. ಕೇಶಿರಾಜನ ಓದುಗ ಅವನೊಡನೆ ವಾದಿಸಬಲ್ಲವನಾಗಿದ್ದ.

ತಾತ್ವಿಕವಾಗಿ ಹೇಳುವುದಕ್ಕಿಂತ ಒಂದು ಸಂದರ್ಭವನ್ನು ಎದುರಿಗಿಟ್ಟುಕೊಂಡು ನೋಡುವುದು ಉಚಿತ. ಕರ್ನಾಟಕದ ಹೊರಗಿನ ಒಂದು ಕನ್ನಡ ವಿಭಾಗವನ್ನು ಊಹಿಸಿಕೊಳ್ಳೋಣ. ಅಲ್ಲಿನ ಹಳೆಯ ಗಣಕದಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಅಕ್ಷರ ಜೋಡಿಸಿದ ಸಂಪ್ರಬಂಧಗಳು, ವಿಚಾರಸಂಕಿರಣದ ಪ್ರಬಂಧಗಳು, ಊರು ಬಿಟ್ಟು ಬಂದ ಹೆಂಗಸರ ಬಾಯಿಂದ ಬರೆದುಕೊಂಡ ಹಾಡುಗಳ ಸಂಗ್ರಹ ಇವೆ. ಕಡತಗಳು ನೂರಾರು. ಒಂದೊಂದನ್ನೂ ತೆರೆದು, ಯೂನಿಕೋಡ್ ರೂಪಕ್ಕೆ ಪರಿವರ್ತಿಸಿ, ಹೊಸ ಹೆಸರಿನಲ್ಲಿ ಉಳಿಸಬೇಕು. ಪರಿವರ್ತನೆಯ ತಂತ್ರಾಂಶಕ್ಕೆ ಕಿಟಕಿ, ಗುಂಡಿಗಳ ಹೊರತು ಬೇರೆ ಬಾಗಿಲಿಲ್ಲ. ಕೈಯಿಂದ ಮಾಡಿದರೆ ತಿಂಗಳು ಹಿಡಿಯುವ ಈ ಕೆಲಸ ಏಜೆಂಟಿಗೆ ಒಪ್ಪಿಸಲು ಹೇಳಿ ಮಾಡಿಸಿದಂತಿದೆ. ಈಗ ಅದರ ಕೈಗೆ ಕೊಡುವ ಸಲಕರಣೆಗಳ ವಿವರಣೆಯನ್ನು ಬರೆಯಬೇಕು.

ಮೊದಲ ಸಲಕರಣೆ ಕ್ಲಿಕ್. ಅವಸರದಲ್ಲಿ ಬರೆಯುವವನು ಹೀಗೆ ಬರೆಯುತ್ತಾನೆ: ‘ಕೊಟ್ಟ ಸ್ಥಾನದಲ್ಲಿ ಕ್ಲಿಕ್ ಮಾಡುತ್ತದೆ.’ ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ದೋಷವಿಲ್ಲ, ವಿಷಯದ ದೃಷ್ಟಿಯಿಂದಲೂ ಸುಳ್ಳಿಲ್ಲ. ಆದರೆ ಸ್ಥಾನವನ್ನು ಎಲ್ಲಿಂದ ಎಣಿಸಬೇಕು? ಪರದೆಯ ಮೇಲಿನ ಎಡಮೂಲೆಯಿಂದಲೋ ಕಿಟಕಿಯ ಎಡಮೂಲೆಯಿಂದಲೋ? ಎರಡು ಪರದೆಗಳಿದ್ದು ಒಂದು ಮುಖ್ಯ ಪರದೆಯ ಎಡಕ್ಕಿದ್ದರೆ ವಿಂಡೋಸ್‌ನಲ್ಲಿ ಅದರ ಅಡ್ಡ ಅಂಕಿ ಋಣಸಂಖ್ಯೆಯಾಗುತ್ತದೆ. ಅದನ್ನು ಸಲಕರಣೆ ಒಪ್ಪುವುದೇ? ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಅಳತೆಯ ಪ್ರಶ್ನೆ. ಪರದೆ 1920ಕ್ಕೆ 1080 ಬಿಂದುಗಳಷ್ಟಿದೆ ಎನ್ನೋಣ. ಮಾದರಿಗೆ ಕಳಿಸುವ ಮುನ್ನ ಚಿತ್ರವನ್ನು 1280ಕ್ಕೆ 720ಕ್ಕೆ ಕುಗ್ಗಿಸುವುದು ರೂಢಿ. ಚಿತ್ರದಲ್ಲಿ ಗುಂಡಿ 600, 400ರಲ್ಲಿ ಕಂಡರೆ ಪರದೆಯ ಮೇಲೆ ಅದಿರುವುದು ಒಂದೂವರೆ ಪಟ್ಟು ಆಚೆಗೆ, 900, 600ರಲ್ಲಿ. ಈ ಗುಣಾಕಾರವನ್ನು ಸಲಕರಣೆ ಮಾಡುತ್ತದೆಯೋ ಏಜೆಂಟ್ ಮಾಡಬೇಕೋ ಎಂಬುದನ್ನು ಬರೆಯದಿದ್ದರೆ ಇಬ್ಬರೂ ಮಾಡಬಹುದು, ಇಲ್ಲವೇ ಇಬ್ಬರೂ ಬಿಡಬಹುದು. ‘ಉಳಿಸು’ ಗುಂಡಿಯ ಬದಲು ಬೇರೊಂದು ಒತ್ತಲ್ಪಡುವುದು ಹೀಗೆ. ಅಕ್ಷರ ದೊಡ್ಡದಾಗಿ ಕಾಣಲೆಂದು ವಿಂಡೋಸ್‌ನಲ್ಲಿ ಪ್ರದರ್ಶನವನ್ನು ನೂರಕ್ಕೆ 125 ಅಥವಾ 150ಕ್ಕೆ ಹಿಗ್ಗಿಸಿಕೊಂಡವರ ಗಣಕದಲ್ಲಿ ಇನ್ನೊಂದು ಸುತ್ತಿನ ವ್ಯತ್ಯಾಸ ಸೇರಬಹುದು.

ಅದೇ ವಿವರಣೆಯನ್ನು ಹೀಗೆ ಬರೆಯಬಹುದು: ‘ಕೊನೆಯ ಪರದೆಚಿತ್ರದಲ್ಲಿ ಕಂಡ ಸ್ಥಾನದಲ್ಲಿ ಎಡಗುಂಡಿಯನ್ನು ಒಮ್ಮೆ ಒತ್ತುತ್ತದೆ. ಅಂಕಿಗಳನ್ನು ಚಿತ್ರದ ಮೇಲಿನ ಎಡಮೂಲೆಯಿಂದ, ಚಿತ್ರದ ಬಿಂದುಗಳಲ್ಲಿಯೇ ಕೊಡಬೇಕು. ಪರದೆಯ ಅಳತೆಗೆ ಪರಿವರ್ತಿಸುವುದು ಸಲಕರಣೆಯ ಕೆಲಸ. ಚಿತ್ರ ತೆಗೆದ ಮೇಲೆ ಕಿಟಕಿ ಸರಿದಿದ್ದರೆ ಹೊಸ ಚಿತ್ರ ತೆಗೆದುಕೊಳ್ಳಬೇಕು. ಆಯಿತು ಎಂಬ ಉತ್ತರದ ಅರ್ಥ ಒತ್ತಲಾಯಿತು ಎಂದಷ್ಟೇ. ಒತ್ತಿದ್ದರಿಂದ ಏನಾಯಿತೆಂಬುದನ್ನು ಮತ್ತೊಂದು ಚಿತ್ರದಿಂದ ಖಚಿತಪಡಿಸಿಕೊಳ್ಳಬೇಕು. ಗುಂಡಿಗೆ ಹೆಸರಿದ್ದರೆ ಇದರ ಬದಲು ಹೆಸರಿನಿಂದ ಒತ್ತುವ ಸಲಕರಣೆಯನ್ನು ಬಳಸಬೇಕು.’ ಕೊನೆಯ ವಾಕ್ಯದ ಹಿಂದಿನ ಎರಡು ವಾಕ್ಯಗಳು ಇಲ್ಲಿ ಮುಖ್ಯವಾದವು. ಕರೆ ಸಫಲವಾಯಿತೆಂಬುದಕ್ಕೂ ಕೆಲಸ ಸಫಲವಾಯಿತೆಂಬುದಕ್ಕೂ ಇರುವ ಭೇದವನ್ನು ಹೇಳದಿದ್ದರೆ, ಏಜೆಂಟ್ ನೂರು ಕಡತಗಳನ್ನು ಪರಿವರ್ತಿಸಿದೆನೆಂದು ಪ್ರಾಮಾಣಿಕವಾಗಿಯೇ ವರದಿ ಮಾಡುತ್ತದೆ. ನೋಡಿದರೆ ಒಂದೂ ಆಗಿರುವುದಿಲ್ಲ.

ಹೆಸರಿನಿಂದ ಒತ್ತುವ ದಾರಿಯಲ್ಲಿ ಕರ್ನಾಟಕದ ಹೊರಗಿನ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುವ ಒಂದು ಮಾತಿದೆ. ಮುಂಬಯಿ, ಪುಣೆಗಳ ಕಚೇರಿಯ ಗಣಕದಲ್ಲಿ ವಿಂಡೋಸ್ ಇಂಗ್ಲಿಷಿನಲ್ಲಿರಬಹುದು, ಮರಾಠಿಯಲ್ಲಿಯೂ ಇರಬಹುದು, ದೆಹಲಿಯಲ್ಲಿ ಹಿಂದಿಯಲ್ಲಿರಬಹುದು, ಕನ್ನಡ ಪ್ರಾಧ್ಯಾಪಕರೊಬ್ಬರ ಮನೆಯ ಗಣಕದಲ್ಲಿ ಕನ್ನಡದಲ್ಲಿರಬಹುದು. ಒಂದೇ ಗುಂಡಿ ಒಂದೆಡೆ ‘ಸೇವ್’, ಇನ್ನೊಂದೆಡೆ ‘ಜತನ್ ಕರಾ’, ಮತ್ತೊಂದೆಡೆ ‘ಉಳಿಸು’. ‘ಸೇವ್ ಎಂಬ ಹೆಸರಿನ ಗುಂಡಿಯನ್ನು ಒತ್ತಬೇಕು’ ಎಂದು ಬರೆದ ಕೈಪಿಡಿ ಉಳಿದೆರಡು ಕಡೆ ನಿಷ್ಫಲ. ಯುಐ ಆಟೊಮೇಷನ್ ಇದಕ್ಕೊಂದು ಪರಿಹಾರವನ್ನು ಇರಿಸಿಕೊಂಡಿದೆ. ಅಲ್ಲಿ ಪ್ರತಿಯೊಂದು ಅಂಗಕ್ಕೂ ಎರಡು ಗುರುತುಗಳಿರಬಹುದು: ಕಣ್ಣಿಗೆ ಕಾಣುವ ಹೆಸರು ಭಾಷೆಯೊಡನೆ ಬದಲಾಗುತ್ತದೆ; ಆಟೊಮೇಷನ್ ಐಡಿ ಎಂಬ ಒಳಗುರುತು ಭಾಷೆ ಯಾವುದಿದ್ದರೂ ಒಂದೇ ಆಗಿರಬೇಕೆಂಬುದು ಅದರ ಉದ್ದೇಶ. ಆದುದರಿಂದ ವಿವರಣೆಯಲ್ಲಿ ಒಳಗುರುತನ್ನು ಮೊದಲು, ಅದಿಲ್ಲದಿದ್ದರೆ ಅಂಗದ ಬಗೆಯನ್ನು, ಕೊನೆಗೆ ಕಾಣುವ ಹೆಸರನ್ನು ಆಶ್ರಯಿಸುವಂತೆ ಹೇಳುವುದು ಸರಿಯಾದ ಕ್ರಮ. ಒಳಗುರುತನ್ನು ಎಲ್ಲ ತಂತ್ರಾಂಶಗಳೂ ಶ್ರದ್ಧೆಯಿಂದ ಕೊಟ್ಟಿರುವುದಿಲ್ಲವಾದ್ದರಿಂದ ಈ ಮೂರೂ ಮೆಟ್ಟಿಲುಗಳು ಬೇಕಾಗುತ್ತವೆ.

ಕೀಲಿಮಣೆಯ ವಿಷಯಕ್ಕೆ ಬಂದರೆ ಕನ್ನಡದ ತೊಡಕುಗಳು ಒಂದರ ಮೇಲೊಂದು ಬರುತ್ತವೆ. ‘ಕೊಟ್ಟ ಪಠ್ಯವನ್ನು ಬೆರಳಚ್ಚಿಸುತ್ತದೆ’ ಎಂದು ಬರೆಯುವವನ ಮನಸ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ಪೈಆಟೋಜಿಯುಐಯ ಬರೆಯುವ ಆಜ್ಞೆ ಕೀಲಿಮಣೆಯ ಮೇಲೆ ಒಂಟಿ ಕೀಲಿಯಾಗಿ ಇರುವ ಅಕ್ಷರಗಳನ್ನು ಮಾತ್ರ ಒತ್ತಬಲ್ಲದು. ಕನ್ನಡ ಪಠ್ಯವನ್ನು ಕೊಟ್ಟರೆ ಅಪೇಕ್ಷಿತ ಫಲ ದೊರೆಯುವುದಿಲ್ಲ. ಎಕ್ಸ್‌ಡೂಟೂಲ್ ಇನ್ನೊಂದು ಉಪಾಯ ಹೂಡುತ್ತದೆ: ಕೀಲಿವಿನ್ಯಾಸದಲ್ಲಿ ಇಲ್ಲದ ಅಕ್ಷರ ಬಂದಾಗ ಖಾಲಿ ಇರುವ ಕೀಲಿಯೊಂದಕ್ಕೆ ಅದನ್ನು ತಾತ್ಕಾಲಿಕವಾಗಿ ಹೊಂದಿಸಿ ಒತ್ತುತ್ತದೆ. ಇದು ಫಲಿಸುತ್ತದೆ, ಆದರೆ ಎದುರಿನ ತಂತ್ರಾಂಶ ಈ ಬದಲಾವಣೆಯನ್ನು ಗ್ರಹಿಸುವ ಮೊದಲೇ ಮುಂದಿನ ಅಕ್ಷರ ಬಂದರೆ ನಡುವೆ ಅಕ್ಷರಗಳು ತಪ್ಪುವ ಸಂಭವವಿದೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದಕ್ಷರ. ಯೂನಿಕೋಡಿನಲ್ಲಿ ಅದು ಸಕಾರ, ವಿರಾಮಚಿಹ್ನೆ, ತಕಾರ, ವಿರಾಮಚಿಹ್ನೆ, ರಕಾರ, ದೀರ್ಘ ಈಕಾರದ ಗುಣಿತಚಿಹ್ನೆ ಎಂಬ ಆರು ಸಂಕೇತಗಳ ಸಾಲು. ಆರರಲ್ಲಿ ಒಂದು ಬಿದ್ದುಹೋದರೂ ಉಳಿಯುವುದು ಬೇರೆಯೇ ಅಕ್ಷರ. ಮೇಲಾಗಿ ಬಳಕೆದಾರನ ಗಣಕದಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡ ಕೀಲಿಮಣೆ ಚಾಲನೆಯಲ್ಲಿದ್ದರೆ, ಏಜೆಂಟ್ ಕಡತದ ಹೆಸರಿಗೆಂದು ಕಳಿಸಿದ ಇಂಗ್ಲಿಷ್ ‘ಕೆ’ ಅಕ್ಷರ ಕನ್ನಡದ ‘ಕ’ ಆಗಿ ಇಳಿಯಬಹುದು. ಬರೆಯುವ ಮುನ್ನ ಯಾವ ಕೀಲಿಮಣೆ ಚಾಲನೆಯಲ್ಲಿದೆಯೆಂದು ನೋಡಬೇಕೆಂಬ ಒಂದು ವಾಕ್ಯ ಇಲ್ಲಿ ಎಷ್ಟೋ ಗಂಟೆಗಳ ತೊಡಕನ್ನು ತಪ್ಪಿಸುತ್ತದೆ.

ಇದರಿಂದಾಗಿ ಕನ್ನಡ ಪಠ್ಯವನ್ನು ಬೆರಳಚ್ಚಿಸುವುದಕ್ಕಿಂತ, ನಕಲುಹಲಗೆಗೆ ಏರಿಸಿ ಅಲ್ಲಿಂದ ಅಂಟಿಸುವುದೇ ಲೇಸೆಂಬ ಅಭಿಪ್ರಾಯಕ್ಕೆ ಬರಬೇಕಾಗುತ್ತದೆ. ಹಾಗೆ ಬರೆಯುವಾಗ ಎರಡು ಎಚ್ಚರಿಕೆಗಳನ್ನೂ ಸೇರಿಸಬೇಕು. ನಕಲುಹಲಗೆಯಲ್ಲಿ ಬಳಕೆದಾರ ಮೊದಲೇ ಇರಿಸಿದ್ದುದು ಇದರಿಂದ ಅಳಿಸಿಹೋಗುತ್ತದೆ ಎಂಬುದು ಒಂದು. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ಉಳಿಯುತ್ತವೆಯೇ ಎಂಬುದು ಇನ್ನೊಂದು. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಜಕಾರದ ವಿರಾಮಚಿಹ್ನೆಯ ಅನಂತರ ಅಗೋಚರವಾದ ಒಂದು ಸಂಕೇತ ಇರಲೇಬೇಕು. ಅದನ್ನು ಯಾವುದಾದರೂ ತಂತ್ರಾಂಶ ಕಸವೆಂದು ತೆಗೆದುಬಿಟ್ಟರೆ ‘ರಾಜ್ಕುಮಾರ್’ ಆಗುತ್ತದೆ. ಹಾಗೆಯೇ ಓಕಾರದ ಗುಣಿತವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬಿಡಿ ಚಿಹ್ನೆಗಳ ಸಾಲಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡಕ್ಕೂ ಭೇದವಿಲ್ಲ, ಹುಡುಕುವ ಯಂತ್ರಕ್ಕೆ ಇದೆ. ಬರೆದದ್ದನ್ನು ಮತ್ತೆ ಓದಿ ಹೋಲಿಸಿ ನೋಡುವ ಏಜೆಂಟ್ ಸಂಕೇತಗಳನ್ನು ಒಂದೇ ಕ್ರಮಕ್ಕೆ ತಂದು ಹೋಲಿಸದಿದ್ದರೆ, ಸರಿಯಾಗಿರುವುದನ್ನೂ ತಪ್ಪೆಂದು ಭಾವಿಸಿ ಮತ್ತೆ ಮತ್ತೆ ಬರೆಯುತ್ತ ಕುಳಿತೀತು.

ಇವೆಲ್ಲಕ್ಕಿಂತ ಗಂಭೀರವಾದುದು ಓದುವ ಸಲಕರಣೆಯ ಪ್ರಶ್ನೆ. ಮೇಲೆ ಊಹಿಸಿಕೊಂಡ ವಿಭಾಗದ ಹಳೆಯ ಕಡತಗಳು ಯೂನಿಕೋಡ್ ಪೂರ್ವದವು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅಚ್ಚಿನ ಕೆಲಸದಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಅಕ್ಷರರೂಪಗಳ ಬೇರೆ ಬೇರೆ ಸಂಕೇತಪದ್ಧತಿಗಳು: 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಪುಣೆಯ ಸಿ-ಡ್ಯಾಕ್‌ನ ತಂತ್ರಾಂಶಗಳು. ಅಂದಿನ ಅನಿವಾರ್ಯತೆಯಲ್ಲಿ ಕನ್ನಡವನ್ನು ಗಣಕದ ಪರದೆಗೂ ಅಚ್ಚಿಗೂ ತಂದವು ಇವೇ. ಈ ಪದ್ಧತಿಗಳಲ್ಲಿ ಇಂಗ್ಲಿಷ್ ಮೊದಲಾದ ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ರೂಪಗಳನ್ನು ಇರಿಸಲಾಗಿರುತ್ತದೆ. ಆ ಫಾಂಟ್ ಇರುವವರೆಗೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಫಾಂಟ್ ತಪ್ಪಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪರದೆಚಿತ್ರವನ್ನು ನೋಡುವ ಏಜೆಂಟಿಗೆ ಕನ್ನಡ ಕಾಣುತ್ತದೆ. ಹೆಸರಿನ ದಾರಿಯಿಂದ ಅದೇ ಕಿಟಕಿಯ ಪಠ್ಯವನ್ನು ಕೇಳಿದ ಏಜೆಂಟಿಗೆ ದೊರೆಯುವುದು ಆ ರಾಶಿ. ‘ಕಿಟಕಿಯಲ್ಲಿರುವ ಪಠ್ಯವನ್ನು ಹಿಂದಿರುಗಿಸುತ್ತದೆ’ ಎಂದಷ್ಟೇ ಬರೆದ ವಿವರಣೆಯನ್ನು ನಂಬಿದ ಏಜೆಂಟ್ ಇಲ್ಲಿ ಬರಬಹುದಾದ ಸಹಜ ನಿರ್ಣಯವೆಂದರೆ, ಕಡತ ಕೆಟ್ಟುಹೋಗಿದೆ ಎಂಬುದು. ಕೆಟ್ಟದ್ದನ್ನು ಸರಿಪಡಿಸಲು ಅದು ತನ್ನ ಊಹೆಯಿಂದ ಪಠ್ಯವನ್ನು ತುಂಬಿ ಹಳೆಯ ಹೆಸರಿನಲ್ಲಿಯೇ ಉಳಿಸಿದರೆ, ಇನ್ನೊಂದು ಪ್ರತಿಯಿಲ್ಲದ ಆ ಹಾಡುಗಳ ಸಂಗ್ರಹ ಅಲ್ಲಿಗೆ ಮುಗಿಯಿತು. ಹಾಡಿದವರು ಈಗ ಇರುವುದಿಲ್ಲ.

ಇದನ್ನು ತಪ್ಪಿಸುವ ವಿವರಣೆ ಉದ್ದವಾದುದೇನೂ ಅಲ್ಲ: ‘ಹಿಂದಿರುಗುವುದು ಕಡತದಲ್ಲಿರುವ ಸಂಕೇತಗಳೇ ಹೊರತು ಪರದೆಯ ಮೇಲಿನ ಅಕ್ಷರಗಳಲ್ಲ. ಪರದೆಯಲ್ಲಿ ಕನ್ನಡ ಕಂಡು ಇಲ್ಲಿ ರೋಮನ್ ಅಕ್ಷರಗಳು ಬಂದರೆ ಕಡತ ಕೆಟ್ಟಿಲ್ಲ, ಹಳೆಯ ಸಂಕೇತಪದ್ಧತಿಯದು. ಫಾಂಟಿನ ಹೆಸರನ್ನು ಓದಿ ಪದ್ಧತಿಯನ್ನು ನಿರ್ಧರಿಸಬೇಕು. ಪಠ್ಯವನ್ನು ತಿದ್ದಕೂಡದು, ಮೂಲ ಕಡತದ ಹೆಸರಿನಲ್ಲಿ ಉಳಿಸಕೂಡದು.’ ಇಂಥ ನಾಲ್ಕು ಸಾಲುಗಳನ್ನು ಬರೆಯಬಲ್ಲವರು ಗಣಕ ವಿಜ್ಞಾನಿಗಳಿಗಿಂತ ಹೆಚ್ಚಾಗಿ ಕನ್ನಡ ಅಕ್ಷರಜೋಡಣೆಯ ಕಷ್ಟವನ್ನು ಕಂಡುಂಡವರು. ‘ಕಡತ ಕೆಟ್ಟಿಲ್ಲ’ ಎಂದು ಹೇಳಿ ಬಿಡುವುದಕ್ಕಿಂತ ಕಾರಣವನ್ನೂ ಜೊತೆಗಿಡುವುದು ಪ್ರಯೋಜನಕಾರಿ. ಕಾರಣ ತಿಳಿದ ಏಜೆಂಟ್ ಕೈಪಿಡಿಕಾರ ಊಹಿಸದಿದ್ದ ಸಂದರ್ಭದಲ್ಲಿಯೂ, ಉದಾಹರಣೆಗೆ ಒಂದೇ ಕಡತದಲ್ಲಿ ಅರ್ಧ ನುಡಿ ಅರ್ಧ ಶ್ರೀಲಿಪಿ ಬೆರೆತಿದ್ದಾಗಲೂ, ಸರಿಯಾದ ಕಡೆಗೆ ವಾಲುವ ಸಾಧ್ಯತೆ ಹೆಚ್ಚು.

ಕಾಯುವಿಕೆಯ ಬಗ್ಗೆಯೂ ಒಂದು ಮಾತು. ಯಂತ್ರದ ವೇಗಕ್ಕೆ ಕಿಟಕಿಗಳು ತೆರೆಯುವುದಿಲ್ಲ. ಎಕ್ಸ್‌ಡೂಟೂಲಿನ ಕೆಲವು ಆಜ್ಞೆಗಳಿಗೆ, ಉದ್ದೇಶಿತ ಸ್ಥಿತಿ ಒದಗುವವರೆಗೆ ಕಾದು ಆಮೇಲೆ ಮುಂದುವರಿಯುವ ಆಯ್ಕೆಯಿದೆ. ಪೈಆಟೋಜಿಯುಐ ಪ್ರತಿ ಕ್ರಿಯೆಯ ನಂತರ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ನಿಲ್ಲುತ್ತದೆ. ಅಲ್ಲದೆ, ಓಡುತ್ತಿರುವ ಕೆಲಸ ಹಿಡಿತ ತಪ್ಪಿದರೆ ಮೌಸನ್ನು ಪರದೆಯ ಮೂಲೆಗೆ ಒಯ್ದ ಕೂಡಲೇ ಎಲ್ಲವೂ ನಿಲ್ಲುವ ಏರ್ಪಾಡು ಅದರಲ್ಲಿದೆ. ಈ ಏರ್ಪಾಡು ಮನುಷ್ಯನಿಗಾಗಿ. ಏಜೆಂಟಿಗಾಗಿ ಬರೆದ ವಿವರಣೆಯಲ್ಲಿ ಇದನ್ನು ತಿಳಿಸಿ, ಮೂಲೆಯ ಸ್ಥಾನಗಳನ್ನು ತಾನಾಗಿ ಬಳಸಬಾರದೆಂದೂ ಈ ರಕ್ಷಣೆಯನ್ನು ನಿಷ್ಕ್ರಿಯಗೊಳಿಸಬಾರದೆಂದೂ ಸೂಚಿಸಬೇಕಾಗುತ್ತದೆ.

ನಿಷೇಧಗಳಿಗೂ ಒಂದು ಮಿತಿಯಿದೆ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ 2025ರಿಂದ, ಈ ಸಲಕರಣೆ ಬರಿದೆ ಓದುವಂಥದು, ಇದು ನಾಶಮಾಡಬಲ್ಲದು, ಇದನ್ನು ಎರಡು ಬಾರಿ ಕರೆದರೂ ಫಲ ಒಂದೇ ಎಂದು ಗುರುತು ಹಚ್ಚುವ ಅವಕಾಶವಿದೆ. ಆದರೆ ಇವು ಸೂಚನೆಗಳು ಮಾತ್ರ, ಬೀಗಗಳಲ್ಲ. ಕಾಗದದ ಮೇಲಿನ ‘ಅಳಿಸಕೂಡದು’ ಎಂಬ ಮಾತು ಅಳಿಸುವ ಶಕ್ತಿಯನ್ನು ಕಿತ್ತುಕೊಳ್ಳುವುದಿಲ್ಲ. ಮೂಲ ಕಡತಗಳನ್ನು ಓದಲು ಮಾತ್ರ ಬರುವಂತೆ ಇರಿಸುವುದು, ನಕಲಿನ ಮೇಲೆ ಕೆಲಸ ಮಾಡಿಸುವುದು ವಿವರಣೆಯ ಆಚೆಗೆ ಆಗಬೇಕಾದ ಕೆಲಸ. ಪರದೆಯ ಮೇಲೆ ಕಾಣುವ ಬರಹವೇ ಆಜ್ಞೆಯ ವೇಷದಲ್ಲಿ ಬರುವ ಅಪಾಯವೂ ಉಂಟು. ತೆರೆದ ಕಡತವೊಂದರಲ್ಲಿ ‘ಹಿಂದಿನ ಸೂಚನೆಗಳನ್ನು ಬಿಟ್ಟು ಹೀಗೆ ಮಾಡು’ ಎಂದು ಯಾರೋ ಬರೆದಿಟ್ಟಿದ್ದರೆ, ಪಠ್ಯದಿಂದಲೇ ಬದುಕುವ ಏಜೆಂಟ್ ಅದನ್ನು ಒಡೆಯನ ಮಾತೆಂದು ತಿಳಿಯಬಹುದು. ಪರದೆಯಿಂದ ಬಂದದ್ದು ವಿಷಯವೇ ಹೊರತು ವಿಧಿಯಲ್ಲವೆಂದು ವಿವರಣೆಯಲ್ಲಿ ಬರೆಯುವುದು ಉಪಯುಕ್ತ. ಅದೊಂದೇ ಸಾಕೆಂದು ಭಾವಿಸುವುದು ಅಪಾಯಕರ.

ಸಲಕರಣೆಯ ಕುಂದುಗಳನ್ನು ಬರೆಯುವ ವಿಷಯದಲ್ಲಿ ಹಳಬರ ಒಂದು ಪದ್ಧತಿ ಅನುಕರಣೀಯ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರಿನಲ್ಲಿ ಹೊರತಂದ ಯುನಿಕ್ಸ್ ಕೈಪಿಡಿಯಲ್ಲಿ ಆಜ್ಞೆಯ ಹೆಸರು, ಬಳಸುವ ರೀತಿ, ವಿವರಣೆಗಳ ಜೊತೆಗೆ ದೋಷಗಳು ಎಂಬ ಭಾಗವೂ ಇತ್ತು. ತಾವು ಮಾಡಿದ ವಸ್ತುವಿನ ಕುಂದನ್ನು ತಾವೇ ಅಚ್ಚು ಹಾಕುವ ಆ ಪ್ರಾಮಾಣಿಕತೆ ವ್ಯಾಪಾರಿ ಕೈಪಿಡಿಗಳಲ್ಲಿ ಅಪರೂಪ. ಏಜೆಂಟಿಗೆ ಅದು ಅತ್ಯವಶ್ಯ. ಎಕ್ಸ್‌ಡೂಟೂಲ್ ಎಕ್ಸ್11 ವ್ಯವಸ್ಥೆಗೆ ರಚಿತವಾದುದು. ಇತ್ತೀಚಿನ ಲಿನಕ್ಸ್‌ಗಳಲ್ಲಿ ಬಳಕೆಗೆ ಬಂದಿರುವ ವೇಲ್ಯಾಂಡ್ ವ್ಯವಸ್ಥೆಯ ಸ್ವಂತ ಕಿಟಕಿಗಳ ಮೇಲೆ ಅದು ನಡೆಯುವುದಿಲ್ಲ. ಮ್ಯಾಕ್‌ನಲ್ಲಿ ಬಳಕೆದಾರ ಅನುಮತಿ ನೀಡದಿದ್ದರೆ ಬೇರೆ ತಂತ್ರಾಂಶದ ಕಿಟಕಿಯನ್ನು ನಡೆಸುವಂತಿಲ್ಲ. ಇವನ್ನು ಮುಂಚಿತವಾಗಿ ಹೇಳದಿದ್ದರೆ ಏಜೆಂಟ್ ಸೋಲಿನ ಕಾರಣವನ್ನು ತನ್ನ ಅಂಕಿಗಳಲ್ಲಿ ಹುಡುಕುತ್ತ, ಒಂದೇ ಗುಂಡಿಯನ್ನು ಇಪ್ಪತ್ತು ಬಾರಿ ಒತ್ತುತ್ತದೆ.

ಈ ವಿವರಣೆಗಳನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬುದು ಸಹಜವಾದ ಪ್ರಶ್ನೆ. ಭಟ್ಟಾಕಳಂಕ 1604ರಲ್ಲಿ ಕನ್ನಡದ ಲಕ್ಷಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳಿದ. ಅಂದಿನ ಶಾಸ್ತ್ರದ ಭಾಷೆ ಅದಾಗಿತ್ತು. ಇಂದು ಸಲಕರಣೆಗಳ ಶಾಸ್ತ್ರಭಾಷೆ ಇಂಗ್ಲಿಷ್. ಮಾದರಿಗಳು ಕನ್ನಡವನ್ನು ಓದಬಲ್ಲವಾದರೂ ಅವು ಪಠ್ಯವನ್ನು ತುಂಡರಿಸಿಕೊಳ್ಳುವ ಪದ್ಧತಿಯಲ್ಲಿ ಕನ್ನಡಕ್ಕೆ ಹೆಚ್ಚು ತುಂಡುಗಳು, ಆದುದರಿಂದ ಹೆಚ್ಚು ವೆಚ್ಚ. ಯಂತ್ರಕ್ಕೆ ಇಂಗ್ಲಿಷಿನಲ್ಲಿ ಬರೆದರೂ ಅದರ ಕನ್ನಡ ಪಾಠವೊಂದು ಇರುವುದು ಅಗತ್ಯ. ಏಕೆಂದರೆ ಯಂತ್ರದ ಪಕ್ಕದಲ್ಲಿ ಕುಳಿತು, ಅದು ಏನು ಮಾಡಲು ಅಧಿಕಾರ ಪಡೆದಿದೆ, ಏನನ್ನು ಮಾಡಕೂಡದು ಎಂಬುದನ್ನು ತಿಳಿದು ಒಪ್ಪಿಗೆ ಕೊಡಬೇಕಾದವರು ವಿಭಾಗದ ಗ್ರಂಥಪಾಲಕರು, ಸಂಶೋಧಕರು. ತಮಗೆ ಅರ್ಥವಾಗದ ಭಾಷೆಯ ಅಧಿಕಾರಪತ್ರಕ್ಕೆ ಸಹಿ ಹಾಕುವ ಸ್ಥಿತಿ ಅವರಿಗೆ ಬರಬಾರದು.

ಬರೆದ ವಿವರಣೆ ಸರಿಯಿದೆಯೇ ಎಂಬುದನ್ನು ತಿಳಿಯುವ ವಿಧಾನ ಸರಳ. ನಾಲ್ಕಾರು ಕಡತಗಳ ನಕಲನ್ನು ಏಜೆಂಟಿನ ಮುಂದಿಟ್ಟು, ವಿವರಣೆಯ ಹೊರತು ಬೇರೇನನ್ನೂ ಹೇಳದೆ, ಅದು ಎಲ್ಲಿ ಎಡವುತ್ತದೆಂದು ನೋಡಬೇಕು. ಎಡವಿದ ಕಡೆ ಏಜೆಂಟಿಗೆ ಬುದ್ಧಿ ಹೇಳುವುದರಿಂದ ಪ್ರಯೋಜನವಿಲ್ಲ; ನಾಳೆ ಅದು ಮರೆತಿರುತ್ತದೆ. ತಿದ್ದಬೇಕಾದ್ದು ವಿವರಣೆಯನ್ನು. ಒಂದೇ ಪರೀಕ್ಷೆಯನ್ನು ಹಲವು ಬಾರಿ ನಡೆಸಬೇಕು, ಏಕೆಂದರೆ ಒಂದೇ ಪಠ್ಯವನ್ನು ಓದಿಯೂ ಮಾದರಿ ಎರಡು ಬಾರಿ ಎರಡು ರೀತಿ ನಡೆದುಕೊಳ್ಳಬಹುದು. ಪರಿವರ್ತನೆಯ ತಂತ್ರಾಂಶದ ಹೊಸ ಆವೃತ್ತಿ ಬಂದು ಗುಂಡಿಯೊಂದು ಜಾಗ ಬದಲಿಸಿದಾಗ ಮನುಷ್ಯ ಗಮನಿಸಿ ಮುಂದೆ ಸಾಗುತ್ತಾನೆ, ಏಜೆಂಟ್ ಹಳೆಯ ಮಾತನ್ನೇ ಹಿಡಿದು ಹೋಗಬಹುದು. ಆದ್ದರಿಂದ ಪ್ರತಿ ವಿವರಣೆಯ ತಲೆಯಲ್ಲಿ ಅದು ಯಾವ ತಂತ್ರಾಂಶದ ಯಾವ ಆವೃತ್ತಿಯ ಮೇಲೆ, ಯಾವ ದಿನಾಂಕದಂದು ಪರೀಕ್ಷಿತವಾಯಿತೆಂಬುದನ್ನೂ, ಆವೃತ್ತಿ ಹೊಂದದಿದ್ದರೆ ಕೆಲಸ ನಿಲ್ಲಿಸಿ ಕೇಳಬೇಕೆಂಬುದನ್ನೂ ಒಂದು ಸಾಲಿನಲ್ಲಿ ನಮೂದಿಸುವುದು ವಾಡಿಕೆಯಾಗಬೇಕು.